ರಾಣಿಯ ಕೌದಿ, ಒಂಬತ್ತು ಡಾಲರಿನ ಅನಾನಸ್

ಹಿಂದೆ ಕಾಣುತ್ತಿರುವುದು ಹವಾಯಿಯ ಹೊನಲುಲುವಿನ ಇಯೊಲಾನಿ ಅರಮನೆ. ಒಳಗೆ ಬಿಡಲು ಇನ್ನೂ 20 ನಿಮಿಷ ಇದೆ, ಅದಕ್ಕೇ ಈ ಅನಾನಸ್.

ಈ ಕಪ್ ನೋಡಿ. ಒಂಬತ್ತು ಡಾಲರ್! ಎಣಿಸಿದೆ, ಹನ್ನೊಂದೇ ಹೋಳು. ಮೂರು ಹುಳಿ. ಎರಡರಲ್ಲಿ ಕಣ್ಣನ್ನೂ ಸರಿಯಾಗಿ ತೆಗೆದಿಲ್ಲ, ನಾಲಿಗೆ ಚುರುಗುಟ್ಟುತ್ತಿದೆ. ಉಪ್ಪು ಖಾರ ಕೇಳಿದರೆ ಇಲ್ಲ ಅಂದರು. ನಮ್ಮೂರಲ್ಲಿ ಗಾಡಿಯವರು ಕೇಳದೆಯೇ ಉದುರಿಸಿ ಕೊಡುತ್ತಾರೆ. ಅನಾನಸ್ ಬೆಳೆಯುವ ಜಾಗದಲ್ಲೇ ಈ ರೇಟು ಅಂದರೆ ಬೇಜಾರಾಗುತ್ತದೆ ಅಲ್ವಾ? ಹ್ಞಾಂ, ಈ ಹೋಳು ಸಿಹಿ ಇದೆ. ಪಾಪ, ಅವರನ್ನು ಬೈಯಬಾರದು. ಇಲ್ಲಿ ಬಾಡಿಗೆಯೂ ಅಷ್ಟೇ ಜಾಸ್ತಿ.

ಇಲ್ಲಿ ದೊಡ್ಡ ಅನಾನಸ್ ಕಂಪನಿ ಕಟ್ಟಿದ ಜೇಮ್ಸ್ ಡೋಲ್ ಬಂದಿದ್ದು 1899ರಲ್ಲಿ, ಹವಾಯಿ ಅಮೆರಿಕದ ಪಾಲಾದ ಮರುವರ್ಷ. ಅದಕ್ಕೂ ಮೊದಲು ಹವಾಯಿಯನ್ನು ಆಳುತ್ತಿದ್ದ ರಾಣಿ ಲಿಲಿಯುವೊಕಲಾನಿಯವರನ್ನು ಇಳಿಸಿದ ಮೇಲೆ ಅಧಿಕಾರಕ್ಕೆ ಕೂತ ಸ್ಯಾನ್‌ಫರ್ಡ್ ಡೋಲ್ ಅವನ ಸಂಬಂಧಿಕ. 1893ರ ಜನವರಿ ಅದು. ಸಂಚಿನ ಹಿಂದೆ ಸಕ್ಕರೆ ಧಣಿಗಳು, ವಕೀಲರು. ಬಂದರಿನಲ್ಲಿದ್ದ ಬಾಸ್ಟನ್ ಹಡಗಿನಿಂದ 160ಕ್ಕೂ ಹೆಚ್ಚು ಅಮೆರಿಕನ್ ಸೈನಿಕರು ಬಂದು ಇಲ್ಲೇ ಹತ್ತಿರ ಬೀಡುಬಿಟ್ಟಿದ್ದರು. ಸರಿ, ಕರೆಯುತ್ತಿದ್ದಾರೆ.

ನೋಡಿ ಬಂದೆ. ಒಳಗೆ ವೀಡಿಯೊ ತೆಗೆದಿಲ್ಲ, ಬಾಯಲ್ಲೇ ಹೇಳುತ್ತೇನೆ. 1895ರಲ್ಲಿ ಸುಮಾರು ಎಂಟು ತಿಂಗಳು ರಾಣಿಯನ್ನು ಮಹಡಿಯ ಕೋಣೆಯಲ್ಲಿ ಕೂಡಿಹಾಕಿದ್ದರು. ಆಗ ಅವರು ಹೊಲಿಯಲು ಶುರುಮಾಡಿದ ಕೌದಿ ಅಲ್ಲಿದೆ. ಕೌದಿ ಅಂತಲೇ ಅನ್ನುತ್ತೇನೆ. ನಮ್ಮಜ್ಜಿ ಹಳೆ ಸೀರೆ ಚೂರು ಸೇರಿಸಿ ಹೊಲಿಯುತ್ತಿದ್ದರು, ಇದರಲ್ಲಿ ರೇಷ್ಮೆ, ಮಖಮಲ್ಲು. ಹವಾಯಿ ಬಾವುಟ ಇದೆ, ಸೆರೆಯಾದ ದಿನವನ್ನು ದಾರದಲ್ಲೇ ಬರೆದಿದ್ದಾರೆ. ಅವರಿಗೆ ಪೇಪರ್ ಓದಲು ಬಿಡುತ್ತಿರಲಿಲ್ಲ. ತೋಟದ ಹೂವು ಸುತ್ತಿ ತಂದ ಕಾಗದದಲ್ಲಿ ಸುದ್ದಿ ಓದಿಕೊಳ್ಳುತ್ತಿದ್ದರಂತೆ.

ಜನ ಸುಮ್ನೆ ಕೂರಲಿಲ್ಲ. 1897ರಲ್ಲಿ, ನಮ್ಮನ್ನು ಸೇರಿಸಿಕೊಳ್ಳಬೇಡಿ ಅಂತ 21,000ಕ್ಕೂ ಹೆಚ್ಚು ಸಹಿ ಮಾಡಿ ವಾಷಿಂಗ್ಟನ್‌ಗೆ ಕಳಿಸಿದರು. ಇದ್ದ ಸುಮಾರು 40,000 ಮೂಲನಿವಾಸಿಗಳಲ್ಲಿ ಅರ್ಧಕ್ಕಿಂತ ಜಾಸ್ತಿ! ಅಮೆರಿಕದ ಸೆನೆಟ್‌ನಲ್ಲಿ, ಸೇರಿಸಿಕೊಳ್ಳುವ ಒಪ್ಪಂದಕ್ಕೆ ಬೇಕಾದ ಮೂರನೇ ಎರಡರಷ್ಟು ಮತ ಸಿಗಲಿಲ್ಲ. ಆಮೇಲೆ ಸ್ಪೇನ್ ಜತೆ ಯುದ್ಧ ಬಂತು, ಹಡಗುಗಳಿಗೆ ಕಲ್ಲಿದ್ದಲು ತುಂಬಲು ನಡುದಾರಿಯಲ್ಲಿ ಜಾಗ ಬೇಕಾಯಿತು. 1898ರಲ್ಲಿ ಬರೀ ಬಹುಮತ ಸಾಕಾಗುವ ನಿರ್ಣಯ ತಂದು ಸೇರಿಸಿಕೊಂಡೇಬಿಟ್ಟರು. ಇದು ಕಿತ್ತುಕೊಂಡದ್ದೇ, ಬೇರೆ ಮಾತಿಲ್ಲ. 1993ರಲ್ಲಿ ಅಮೆರಿಕ ಕ್ಷಮೆ ಕೇಳಿತು. ಅಷ್ಟಾದರೂ ಕೇಳಿದರಲ್ಲ ಅಂತ ಬೆಳಿಗ್ಗೆ ಅನ್ನಿಸಿತ್ತು. ಕೌದಿ ನೋಡಿದ ಮೇಲೆ, ಸಾಲದು.

1898ರ ಆಗಸ್ಟ್ 12ಕ್ಕೆ ಹವಾಯಿಯವರ ಬಾವುಟ ಇಳಿಸಿದ್ದು ಇಲ್ಲೇ. ರಾಣಿ ಬರಲಿಲ್ಲ. ಈಗ ಮೇಲೆ ಹಾರುತ್ತಿದೆಯಲ್ಲ, ಅದು ಹವಾಯಿ ಬಾವುಟ. ಒಂದ್ನಿಮಿಷ, ಜೂಮ್ ಮಾಡುತ್ತೇನೆ. ಅಯ್ಯೋ, ಬಸ್ ಬಂತು, ಬನ್ನಿ ಬನ್ನಿ.