ದಣಿವು, ತಲೆನೋವು ಮತ್ತು ಒಂದು ಸಲಾಯಿನ್ ಬಾಟಲಿ

ಕೇಳುಗರಿಗೆಲ್ಲ ನಮಸ್ಕಾರ.

ಹುಬ್ಬಳ್ಳಿ-ಧಾರವಾಡದ ಯಾವ ಡಾಕ್ಟರನ್ನು ಬೇಕಾದರೂ ಕೇಳಿ, ಈ ಮಾತು ಅವರ ಕಿವಿಗೆ ಬಿದ್ದೇ ಇರುತ್ತದೆ: "ಸಾಹೇಬ್ರ, ಕೈಕಾಲಾಗ ಶಕ್ತಿನ ಇಲ್ರಿ. ತಲಿ ಸಿಡೀತೈತಿ. ಒಂದು ಸಲಾಯಿನ್ ಹಚ್ಚಿಬಿಡ್ರಿ." ನನಗೂ ಇದು ರೂಢಿಯಾಗಿದೆ. ಹಚ್ಚಿಸಿಕೊಂಡವರಿಗೆ ಸಮಾಧಾನ, ಹಚ್ಚಿದವರಿಗೆ ದುಡ್ಡು. ಆದರೆ ಆ ಬಾಟಲಿಯಲ್ಲಿ ಇರುವುದಾದರೂ ಏನು? ಅರ್ಧ ಲೀಟರ್ ಸಾದಾ ಸಲಾಯಿನ್ ಅಂದರೆ ನೀರು ಮತ್ತು ನಾಲ್ಕೂವರೆ ಗ್ರಾಂ ಉಪ್ಪು. ಐದು ಪರ್ಸೆಂಟಿನ ಗ್ಲುಕೋಸ್ ಬಾಟಲಿಯಾದರೆ 25 ಗ್ರಾಂ ಗ್ಲುಕೋಸ್. ವಾಂತಿ-ಭೇದಿಯಾಗಿ ಸೋತವರಿಗೆ ಇದು ಜೀವ ಉಳಿಸುತ್ತದೆ, ನಿಜ. ತಿಂಗಳುಗಟ್ಟಲೆ ಕಾಡುವ ದಣಿವಿಗೆ ಮಾತ್ರ ಒಂದು ದೊಡ್ಡ ಗ್ಲಾಸ್ ಬೆಲ್ಲದ ಪಾನಕ ಕುಡಿದರೂ ಅಷ್ಟೇ ಲಾಭ.

ನನಗೆ ಇದಕ್ಕಿಂತ ಚಿಂತೆ ಹುಟ್ಟಿಸುವುದು ತಾಕತ್ತಿನ ಇಂಜೆಕ್ಷನ್. ಅದರಲ್ಲಿ ಸಾಮಾನ್ಯವಾಗಿ ಬಿ12 ವಿಟಮಿನ್ ಇರುತ್ತದೆ. ವಿಟಮಿನ್ ಕೆಟ್ಟದ್ದಲ್ಲ. ಆದರೆ ಚುಚ್ಚಿಸಿಕೊಂಡ ಮೇಲೆ ರಕ್ತ ಪರೀಕ್ಷೆ ಮಾಡಿಸಿದರೆ ಬಿ12 ಜಾಸ್ತಿಯೇ ಬರುತ್ತದೆ. ಮೊದಲು ಕೊರತೆ ಇತ್ತೋ ಇಲ್ಲವೋ ಹೇಳುವುದು ಕಷ್ಟ. ನಮ್ಮ ಕಡೆ ರೊಟ್ಟಿ, ಪಲ್ಯ, ಬ್ಯಾಳಿಯಲ್ಲೇ ಊಟ ಮುಗಿಸುವ ಮನೆಗಳು ಬಹಳ. ಬಿ12 ಸಿಗುವುದು ಹಾಲು, ಮೊಸರು, ತತ್ತಿ, ಮಾಂಸದಲ್ಲಿ. ಸಕ್ಕರೆ ಕಾಯಿಲೆಗೆ ವರ್ಷಗಟ್ಟಲೆ ಮೆಟ್‌ಫಾರ್ಮಿನ್ ನುಂಗುವವರಲ್ಲೂ ಇದು ಇಳಿಯಬಹುದು. ಹಾಗಾಗಿ ಮೊದಲು ಪರೀಕ್ಷೆ, ಆಮೇಲೆ ಸೂಜಿ.

ತಲೆನೋವಿನ ಮಾತ್ರೆಯದ್ದು ಇನ್ನೂ ವಿಚಿತ್ರ ಕಥೆ. ಕಿರಾಣಿ ಅಂಗಡಿಯಲ್ಲೂ ಸಿಗುತ್ತದೆ, ಅಲ್ವಾ? ಸಾದಾ ನೋವಿನ ಮಾತ್ರೆಯನ್ನು ತಿಂಗಳಲ್ಲಿ 15 ದಿನ ಅಥವಾ ಅದಕ್ಕಿಂತ ಹೆಚ್ಚು, ಮೂರು ತಿಂಗಳು ದಾಟಿ ನುಂಗುತ್ತ ಹೋದರೆ ಮಾತ್ರೆಯೇ ತಲೆನೋವು ತರಬಹುದು. ಕೆಫೀನ್ ಬೆರೆಸಿದ ಮಾತ್ರೆಗಳಿಗೆ 10 ದಿನವೇ ಸಾಕು. ನೋವು ಬಂತೆಂದು ಮಾತ್ರೆ, ಮಾತ್ರೆಯ ಗುಣ ಇಳಿಯಿತೆಂದು ಮತ್ತೆ ನೋವು. ಬಿಡುವಾಗ ಮೊದಲ ಕೆಲವು ದಿನ ನೋವು ಜಾಸ್ತಿಯಾಗುತ್ತದೆ. ಅದಕ್ಕೇ ಡಾಕ್ಟರಿಗೆ ತಿಳಿಸಿಯೇ ಮಾತ್ರೆ ಬಿಡಿ. ಅವರು "ಎಷ್ಟು ಮಾತ್ರೆ ತಗೋತೀರಿ" ಎಂದು ಕೇಳಿದಾಗ "ಯಾವಾಗರ ಒಂದ್ರಿ" ಅಂದುಬಿಟ್ಟರೆ ಕಾರಣ ಅಲ್ಲೇ ತಪ್ಪಿಸಿಕೊಂಡಿತು.

ಇನ್ನು ರಕ್ತಹೀನತೆ. 2019-21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಪ್ರಕಾರ ದೇಶದ 15ರಿಂದ 49 ವಯಸ್ಸಿನ ಹೆಣ್ಣುಮಕ್ಕಳಲ್ಲಿ ನೂರಕ್ಕೆ 57 ಮಂದಿಗೆ ಇದು ಇದೆ. ಬಸುರಿಯರಲ್ಲದ ಹೆಂಗಸರಿಗೆ ಹಿಮೋಗ್ಲೋಬಿನ್ 12ಕ್ಕಿಂತ, ಗಂಡಸರಿಗೆ 13ಕ್ಕಿಂತ ಕಡಿಮೆಯಿದ್ದರೆ ರಕ್ತಹೀನತೆ. ದಣಿವು, ಮೆಟ್ಟಿಲೇರಿದರೆ ಏದುಸಿರು, ತಲೆ ಭಾರ, ಎಲ್ಲವೂ ಇದರಿಂದ ಬರುತ್ತವೆ. ಆದರೆ "ರಕ್ತ ಕಡಿಮೆ ಐತ್ರಿ" ಅನ್ನುವಲ್ಲಿಗೆ ಹುಡುಕಾಟ ಮುಗಿಯಬಾರದು. ಯಾಕೆ ಕಡಿಮೆ? ರಕ್ತದ ಕೆಂಪುಕಣ ಸಣ್ಣದಾಗಿದ್ದರೆ ಸಾಮಾನ್ಯವಾಗಿ ಕಬ್ಬಿಣದ ಕೊರತೆ, ದೊಡ್ಡದಾಗಿದ್ದರೆ ಬಿ12 ಅಥವಾ ಫೋಲಿಕ್ ಆಮ್ಲದ್ದು. ಕಬ್ಬಿಣ ಯಾಕೆ ಹೋಯಿತು? ಮುಟ್ಟಿನಲ್ಲಿ ವಿಪರೀತ ಸ್ರಾವವೇ, ಮೂಲವ್ಯಾಧಿಯೇ, ಕೊಕ್ಕೆಹುಳವೇ? ಅರವತ್ತರ ಗಂಡಸಿಗೆ ಕಬ್ಬಿಣ ಇಳಿದರೆ ಹೊಟ್ಟೆ, ಕರುಳಿನಲ್ಲಿ ಎಲ್ಲೋ ರಕ್ತ ಸೋರುತ್ತಿದೆಯೇ ಎಂದು ನೋಡಲೇಬೇಕು. ಸುಮ್ನೆ ಟಾನಿಕ್ ಕೊಡುವುದು ತೂತು ಕೊಡಕ್ಕೆ ನೀರು ಹೊಯ್ದಂತೆ. ಅಂದಹಾಗೆ, ಊಟದ ಬೆನ್ನಿಗೇ ಚಹಾ ಕುಡಿದರೆ ಪಲ್ಯದ ಕಬ್ಬಿಣ ಮೈಗೆ ಸರಿಯಾಗಿ ಹತ್ತುವುದಿಲ್ಲ. ಒಂದು ತಾಸು ತಡೆದು ಕುಡಿಯಿರಿ. ಚಹಾ ಬಿಡಿ ಅಂದರೆ ಧಾರವಾಡದಲ್ಲಿ ಯಾರು ಕೇಳುತ್ತಾರೆ!

"ಬಿಪಿ ಲೋ ಆಗೇತ್ರಿ" ಎನ್ನುವ ಮಾತೂ ಬಹಳ ಕೇಳುತ್ತೇನೆ. ಸಣಕಲು ಹೆಂಗಸರಿಗೆ 100/60 ಇದ್ದರೆ ಹೆಚ್ಚಿನ ಸಲ ಅದು ಅವರಿಗೆ ಸಹಜ. ಹೆಚ್ಚಿದ ಬಿಪಿಯಾದರೋ ಸಾಮಾನ್ಯವಾಗಿ ತಲೆನೋವನ್ನೇ ತರುವುದಿಲ್ಲ. ತಲೆ ನೋಯಲಿ ಬಿಡಲಿ, ಅಳೆಸಿ ನೋಡಿ.

ಪರೀಕ್ಷೆಗಳಿಗಿಂತ ಮೊದಲು ನನಗೆ ಬೇಕಾದದ್ದು ಒಂದು ನೋಟುಬುಕ್ಕು. ನೋವು ಎಷ್ಟು ಹೊತ್ತಿಗೆ, ಎಲ್ಲಿದ್ದಾಗ, ಏನು ತಿಂದ ಅಥವಾ ತಿನ್ನದ ದಿನ ಬಂತು? ಎರಡು ವಾರ ಬರೆದರೆ ಸಾಕು. ಶ್ರಾವಣ ಸೋಮವಾರದ ಉಪವಾಸದಂದು ಅರ್ಧ ತಲೆ ಬಡಿದುಕೊಂಡು, ಬೆಳಕು ಕಂಡರಾಗದಿದ್ದರೆ ಮೈಗ್ರೇನ್ ನೆನಪಾಗುತ್ತದೆ. ಗೊರಕೆ ಹೊಡೆದು ಮಲಗಿ, ತಲೆನೋವಿನಿಂದ ಏಳುವವರು, ಹಗಲಲ್ಲಿ ಬಸ್ಸು ಹತ್ತಿದೊಡನೆ ತೂಕಡಿಸುವವರು ನಿದ್ರೆಯಲ್ಲಿ ಉಸಿರು ಕಟ್ಟುತ್ತಿದೆಯೇ ಎಂದು ತೋರಿಸಿಕೊಳ್ಳಬೇಕು. ಹಾವೇರಿ, ಬ್ಯಾಡಗಿ ಕಡೆ ಮೆಣಸಿನಗಿಡಕ್ಕೆ, ಹತ್ತಿಗೆ ಎಣ್ಣೆ ಹೊಡೆದ ಸಂಜೆಯೇ ತಲೆನೋವು ಬಂದರೆ ಆ ಕೀಟನಾಶಕ ಮೈಗಿಳಿದಿರಬಹುದು. ಗದಗಿನ ಬಿಸಿಲಲ್ಲಿ ಕಳೆ ತೆಗೆಯುವ ಹೆಣ್ಣುಮಕ್ಕಳು ಹೊಲದಲ್ಲಿ ಮರೆಯಿಲ್ಲವೆಂದು ನೀರನ್ನೇ ಕುಡಿಯುವುದಿಲ್ಲ. ಅವರಿಗೆ "ನೀರು ಕುಡೀರಿ" ಎಂದಷ್ಟೇ ಹೇಳುವ ಡಾಕ್ಟರಿಗೆ ಅರ್ಧ ವಿಷಯವೇ ಗೊತ್ತಿಲ್ಲ.

ಮನೆಯ ಇಬ್ಬರು-ಮೂವರಿಗೆ ಒಟ್ಟಿಗೇ ತಲೆ ನೋಯುತ್ತದೆ, ಹೊರಗೆ ಹೋದರೆ ಕಡಿಮೆಯಾಗುತ್ತದೆ ಎಂದು ಬರೆದಿದ್ದರೆ, ಬಚ್ಚಲಿನ ಗ್ಯಾಸ್ ಗೀಸರನ್ನು ಅಥವಾ ಮುಚ್ಚಿದ ಕೋಣೆಯ ಒಲೆಯನ್ನು ಅನುಮಾನಿಸಿ. ಅವುಗಳಿಂದ ಹೊಮ್ಮಬಹುದಾದ ವಿಷಾನಿಲ ಕಾರ್ಬನ್ ಮೊನಾಕ್ಸೈಡ್‌ಗೆ ಬಣ್ಣವಿಲ್ಲ, ವಾಸನೆಯಿಲ್ಲ. ಅದು ಜೀವವನ್ನೇ ತೆಗೆಯಬಲ್ಲದು.

ದಣಿವಿನ ಜೊತೆ ಚಳಿ ತಡೆಯದಿರುವುದು, ಮಲಬದ್ಧತೆ, ತೂಕ ಏರುವುದು ಇದ್ದರೆ ಥೈರಾಯ್ಡ್ ನೋಡಿಸಿ. ಎಲ್ಲ ರಿಪೋರ್ಟು ಸರಿಯಿದ್ದೂ ಯಾವುದರಲ್ಲೂ ಮನಸ್ಸಿಲ್ಲ, ಬೆಳಗಿನ ಜಾವವೇ ಎಚ್ಚರವಾಗುತ್ತದೆ ಅಂದರೆ ಅದು ಖಿನ್ನತೆ ಇರಬಹುದು. ಧಾರವಾಡದ ಮಾನಸಿಕ ಆರೋಗ್ಯ ಸಂಸ್ಥೆ ಡಿಮ್ಹಾನ್ಸ್‌ನಲ್ಲಿ ಇದಕ್ಕೆ ಚಿಕಿತ್ಸೆ ಇದೆ. ಹೋದರೆ ಯಾರು ಏನಂದಾರು ಎಂಬ ಅಂಜಿಕೆ ಬೇಡ.

ಆದರೆ ಕೆಲವು ತಲೆನೋವಿಗೆ ನೋಟುಬುಕ್ಕು ಹಿಡಿದು ಕೂರಬಾರದು. ಸಿಡಿಲು ಬಡಿದಂತೆ ದಿಢೀರನೆ ಬಂದ ನೋವು, ಜ್ವರದ ಜೊತೆ ಕುತ್ತಿಗೆ ಸೆಟೆದುಕೊಳ್ಳುವುದು, ಮಾತು ತೊದಲುವುದು, ಒಂದು ಕೈಕಾಲು ಸೋಲುವುದು, ತಲೆಗೆ ಪೆಟ್ಟಾದ ಮೇಲಿನ ನೋವು, ಬಸುರಿಯಲ್ಲಿ ಕಣ್ಣು ಮಂಜಾಗಿ ಬರುವ ನೋವು: ಇವಕ್ಕೆ ರಾತ್ರಿಯಾದರೂ 108ಕ್ಕೆ ಫೋನ್ ಮಾಡಿ ದೊಡ್ಡ ಆಸ್ಪತ್ರೆಗೆ ಹೋಗಿ. ಐವತ್ತು ದಾಟಿದ ಮೇಲೆ ಮೊದಲ ಸಲ ಶುರುವಾದ ತಲೆನೋವನ್ನೂ ತಡಮಾಡದೆ ತೋರಿಸಿ. ದಾರಿಯಲ್ಲಿ ಸಲಾಯಿನ್ ಹಚ್ಚಿಸಲು ಎಲ್ಲೂ ನಿಲ್ಲಬೇಡಿ.

ನಮಸ್ಕಾರ.