ರಾತ್ರಿ ಪಾಳಿಯ ಅಭಿಮಾನಿಗಳು

ಕೇಳುಗರಿಗೆ ನಮಸ್ಕಾರ.

ಈ ಹೊತ್ತು ನನ್ನ ದನಿ ನಿಮ್ಮ ಅಡುಗೆಮನೆಯಲ್ಲೋ ಅಂಗಡಿಯ ಗಲ್ಲಾಪೆಟ್ಟಿಗೆಯ ಪಕ್ಕದಲ್ಲೋ ಕೇಳುತ್ತಿರಬಹುದು. ನಾಲ್ಕು ವಾರ ಬಿಡದೆ ಕೇಳಿದರೆ ನಾನು ನಿಮಗೆ ಗುರುತಿನವಳೇ ಆಗಿಬಿಡುತ್ತೇನೆ. ನೀವು ಯಾರೆಂಬುದು ಮಾತ್ರ ನನಗೆ ತಿಳಿಯುವುದಿಲ್ಲ. ಇಂಥ ಒಮ್ಮುಖ ನಂಟಿನ ಬಗ್ಗೆ ಡೊನಾಲ್ಡ್ ಹಾರ್ಟನ್ ಮತ್ತು ರಿಚರ್ಡ್ ವೋಲ್ ಎಂಬ ಅಮೆರಿಕದ ವಿದ್ವಾಂಸರು 1956ರಲ್ಲೇ ಬರೆದಿದ್ದರು. ಅವರು ಗಮನಿಸಿದ್ದು ರೇಡಿಯೊ, ಟೆಲಿವಿಷನ್ ಮತ್ತು ಸಿನಿಮಾವನ್ನು. ಈ ನಂಟನ್ನು ಅವರು ರೋಗವೆಂದು ತಳ್ಳಿಹಾಕಲಿಲ್ಲ. ನಿತ್ಯದ ಒಡನಾಟಗಳ ಜೊತೆಗೆ ಇದೂ ಒಂದು ಇರಲಿ, ಆದರೆ ಉಳಿದೆಲ್ಲ ಒಡನಾಟಗಳ ಜಾಗಕ್ಕೆ ಇದೇ ಬಂದು ಕುಳಿತಾಗ ಎಚ್ಚರ ಬೇಕು ಎಂಬುದು ಅವರ ನಿಲುವಾಗಿತ್ತು.

ಮಂಡ್ಯದವರಿಗೆ ಇದನ್ನು ಅಮೆರಿಕದಿಂದ ಬಂದು ಯಾರೂ ಹೇಳಿಕೊಡಬೇಕಾಗಿಲ್ಲ. 2018ರ ನವೆಂಬರ್‌ನಲ್ಲಿ ಅಂಬರೀಶ್ ಅವರ ಪಾರ್ಥಿವ ಶರೀರವನ್ನು ಸರ್ ಎಂ. ವಿಶ್ವೇಶ್ವರಯ್ಯ ಕ್ರೀಡಾಂಗಣದಲ್ಲಿ ಇರಿಸಿದ್ದಾಗ ರಾತ್ರಿ ಸಾಲಿನಲ್ಲಿ ನಿಂತು ಅತ್ತವರಲ್ಲಿ ಅವರೊಡನೆ ಒಂದು ಮಾತನ್ನೂ ಆಡದವರು ಎಷ್ಟೋ ಮಂದಿ. 2021ರ ಅಕ್ಟೋಬರ್ 29ರಂದು ಪುನೀತ್ ರಾಜ್‌ಕುಮಾರ್ ತೀರಿಕೊಂಡಾಗ ಊಟ ಬಿಟ್ಟು ಕುಳಿತ ಮಕ್ಕಳನ್ನು ‘ಅವರೇನು ನಮ್ಮ ನೆಂಟರೇ?’ ಎಂದು ಗದರಿದ ಮನೆಗಳೂ ಇದ್ದವು. ಮೊಬೈಲ್‌ನಲ್ಲಿದ್ದ ಅಭಿಮಾನಿ ಬಳಗಗಳಲ್ಲಿ ಹಾಗೆ ಕೇಳುವವರು ಇರಲಿಲ್ಲ. ಅಲ್ಲಿ ಎಲ್ಲರದೂ ಒಂದೇ ಸೂತಕ. ಮುಂದೆ ಆ ದುಃಖ ನೇತ್ರದಾನಕ್ಕೆ ಹೆಸರು ಬರೆಸುವ ಸಾಲುಗಳಾಗಿ ಬೆಳೆದದ್ದನ್ನು ನಾಡೇ ನೋಡಿತು.

ಮೈಸೂರಿನ ಕಾಲೇಜು ವಿದ್ಯಾರ್ಥಿಗಳಿಗೆ ಆಪ್ತಸಲಹೆ ನೀಡುವುದು ನನ್ನ ಕೆಲಸ. ಈಗ ಹೇಳುವ ಇಬ್ಬರ ಗುರುತು ಸಿಗದಂತೆ ವಿವರಗಳನ್ನು ಬದಲಿಸಿದ್ದೇನೆ.

ಮೊದಲನೆಯವನು ಮದ್ದೂರಿನ ಕಡೆಯ ಹುಡುಗ, ಡಿಪ್ಲೊಮಾ ಓದುತ್ತಿದ್ದ. ತರಗತಿಯಲ್ಲಿ ತೂಕಡಿಸುತ್ತಾನೆ ಎಂಬ ದೂರಿನ ಮೇಲೆ ನನ್ನ ಬಳಿಗೆ ಬಂದ. ಅವನಿಗೆ ರಾತ್ರಿ ಕೆಲಸವಿತ್ತು, ಸಂಬಳವಿರಲಿಲ್ಲ. ಮೆಚ್ಚಿನ ನಟನ ಟೀಸರ್ ಬರುವ ಮುನ್ನ ಬಳಗದ ಅಡ್ಮಿನ್ ಹೊತ್ತು ಗೊತ್ತುಮಾಡುತ್ತಾನೆ. ಆ ಕ್ಷಣದಿಂದ ಎಲ್ಲರೂ ಜಾಲತಾಣದಲ್ಲಿ ಒಂದೇ ಟ್ಯಾಗ್ ಹಾಕಿ ಬರೆಯಬೇಕು. ದಿನವಿಡೀ ಹತ್ತು ಸಾವಿರ ಸಾಲು ಬರುವುದಕ್ಕಿಂತ ಒಂದೇ ಗಂಟೆಯಲ್ಲಿ ನುಗ್ಗಿ ಬಂದರೆ, ಆ ಹೊತ್ತಿನಲ್ಲಿ ಹೆಚ್ಚು ಸದ್ದು ಮಾಡುತ್ತಿರುವ ವಿಷಯಗಳ ಟ್ರೆಂಡ್ ಪಟ್ಟಿಗೆ ಏರುವುದು ಸುಲಭ. ಆ ಪಟ್ಟಿ ನೋಡುವುದು ರಭಸವನ್ನು. ಹುಡುಗ ಒಂದೇ ಸಾಲನ್ನು ನಕಲು ಮಾಡಿ, ಕೊನೆಗೆ ಒಮ್ಮೆ ಚುಕ್ಕಿ, ಒಮ್ಮೆ ಅಂಕಿ, ಒಮ್ಮೆ ಬೆಂಕಿಯ ಚಿತ್ರ ಸೇರಿಸಿ ಹಾಕುತ್ತಿದ್ದ. ತೀರಾ ಒಂದೇ ತೆರನಾಗಿದ್ದರೆ ಖಾತೆಗೆ ತಡೆ ಬೀಳುತ್ತದಂತೆ. ಬೆಳಗ್ಗೆ ಬಳಗದಲ್ಲಿ ಹಾಜರಿ. ಯಾರು ಎಷ್ಟು ಹಾಕಿದರೆಂಬ ಚಿತ್ರ ಎಲ್ಲರ ಮುಂದೆ. ಕಡಿಮೆ ಹಾಕಿದವನು ‘ಕಳ್ಳ ಅಭಿಮಾನಿ’. ಮಗ ದೀಪ ಹಾಕಿಕೊಂಡು ಓದುತ್ತಿದ್ದಾನೆಂದು ತಾಯಿ ಹಾಲು ಕಾಯಿಸಿ ಕೊಡುತ್ತಿದ್ದರು.

ಇಷ್ಟಕ್ಕೇ ಅವನು ಕುಸಿದಿರಲಿಲ್ಲ. ಇನ್ನೊಬ್ಬ ನಟನ ಅಭಿಮಾನಿಗಳೊಡನೆ ಜಗಳ ಹತ್ತಿತು. ಅವರು ಇವನ ಖಾತೆ ಜಾಲಾಡಿ, ಹಬ್ಬದ ದಿನ ತೆಗೆದ ಮನೆಯವರ ಚಿತ್ರದಿಂದ ತಂಗಿಯ ಮುಖ ಕತ್ತರಿಸಿ, ಕೊಳಕು ಮಾತು ಸೇರಿಸಿ ಹರಿಬಿಟ್ಟರು. ಹುಡುಗ ಅಡ್ಮಿನ್‌ಗೆ ಹೇಳಿಕೊಂಡ. ‘ಬಿಡಬೇಡ, ನಾವೂ ಅವರ ಮನೆಯವರ ಚಿತ್ರ ಹುಡುಕೋಣ’ ಎಂಬ ಉತ್ತರ ಬಂತು. ನೂರಾರು ಜನರ ಬಳಗದಲ್ಲಿ ಒಬ್ಬನೂ ‘ತಂಗಿ ಹೇಗಿದ್ದಾಳೆ?’ ಎಂದು ಕೇಳಲಿಲ್ಲ. ಅದನ್ನು ಹೇಳುವಾಗ ಅವನ ಗಂಟಲು ಕಟ್ಟಿತು. ಆ ಚಿತ್ರದ ಬಗ್ಗೆ ಸೈಬರ್ ಅಪರಾಧಗಳನ್ನೂ ನೋಡಿಕೊಳ್ಳುವ ಮಂಡ್ಯದ ಸೆನ್ ಪೊಲೀಸ್ ಠಾಣೆಗೆ ದೂರು ಕೊಡಬಹುದೆಂಬುದೂ ಅವನಿಗೆ ತಿಳಿದಿರಲಿಲ್ಲ. ಕೊಟ್ಟರೆ ಅಪ್ಪನಿಗೆ ಗೊತ್ತಾಗುತ್ತದಲ್ಲ ಎಂಬ ಅಂಜಿಕೆ ಬೇರೆ.

ಇನ್ನೊಬ್ಬಳು ಹಾಸ್ಟೆಲಿನ ಹುಡುಗಿ, ಬಿಟಿಎಸ್ ಅಭಿಮಾನಿ. 2013ರಲ್ಲಿ ರಂಗಕ್ಕೆ ಬಂದ ಕೊರಿಯಾದ ಏಳು ಹುಡುಗರ ಗಾಯಕ ತಂಡ ಅದು. 2017ರಲ್ಲಿ ಯುನಿಸೆಫ್ ಜೊತೆ ಸೇರಿ, ಮಕ್ಕಳ ಮೇಲಿನ ಹಿಂಸೆಯ ವಿರುದ್ಧ, ನಿನ್ನನ್ನು ನೀನು ಪ್ರೀತಿಸು ಎಂಬ ಅಭಿಯಾನ ನಡೆಸಿದವರು. ಭಾಷೆ ತಿಳಿಯದ ಹಾಡಿಗೆ ಇಷ್ಟೊಂದು ಹುಚ್ಚೇ ಎಂದು ಸಹಪಾಠಿಗಳು ಆಡಿಕೊಳ್ಳುತ್ತಿದ್ದರು. (ತೆಲುಗಿನ ತ್ಯಾಗರಾಜ ಕೃತಿಗಳಿಗೆ ತಲೆದೂಗುವ ಮೈಸೂರಿನಲ್ಲಿ ಈ ಆಕ್ಷೇಪ ಹೇಗೆ ನಿಲ್ಲುತ್ತದೋ ಕಾಣೆ.) ಅವಳ ಬಳಗದ ಆರೇಳು ಹುಡುಗಿಯರು ಪರೀಕ್ಷೆಯ ಕಾಲದಲ್ಲಿ ಕರೆ ಜೋಡಿಸಿಕೊಂಡು, ಮಾತಿಲ್ಲದೆ, ತಮ್ಮ ತಮ್ಮ ಪುಸ್ತಕ ಓದುತ್ತಿದ್ದರು. ಒಂದು ರಾತ್ರಿ ಇವಳು ‘ಯಾವುದೂ ಬೇಡವೆನಿಸಿದೆ’ ಎಂದಷ್ಟೇ ಬರೆದಳು. ಕೋಲಾರದ ಹುಡುಗಿಯೊಬ್ಬಳು ಕೂಡಲೇ ಕರೆ ಮಾಡಿ, ಮಾತು ನಿಲ್ಲಿಸದೆ, ಪಕ್ಕದ ಕೋಣೆಯ ಗೆಳತಿಯನ್ನು ಎಬ್ಬಿಸುವಂತೆ ಒಪ್ಪಿಸಿದಳು. ಮರುದಿನ ಆ ಗೆಳತಿಯೇ ಅವಳನ್ನು ನನ್ನ ಬಳಿಗೆ ಕರೆತಂದಳು.

ಎರಡು ಬಳಗಗಳಲ್ಲೂ ಪ್ರೀತಿ ಅಷ್ಟೇ ಇತ್ತು, ಮೊಬೈಲೂ ಅದೇ. ಹಾಗಾಗಿ ‘ಎಷ್ಟು ಹೊತ್ತು ನೋಡುತ್ತೀಯ?’ ಎಂಬ ಪ್ರಶ್ನೆಯನ್ನು ನಾನು ಮೊದಲಿಗೆ ಕೇಳುವುದಿಲ್ಲ. ಒಂದು ವಾರ ನೀನು ಬಳಗಕ್ಕೆ ಹೋಗದಿದ್ದರೆ ಏನಾಗುತ್ತದೆ ಎಂದು ಕೇಳುತ್ತೇನೆ. ‘ಹುಷಾರಾಗಿದ್ದೀಯಾ ಎಂದು ವಿಚಾರಿಸುತ್ತಾರೆ’ ಎಂದರೆ ಅರ್ಧ ನಿರಾಳ. ‘ತೆಗೆದುಹಾಕುತ್ತಾರೆ’ ಎಂದರೆ ಮಾತು ಮುಂದುವರಿಸಬೇಕು. ಸಿನಿಮಾ ಚೆನ್ನಾಗಿಲ್ಲ ಎಂದು ಅಲ್ಲಿ ಹೇಳಬಹುದೇ ಎಂಬುದು ನನ್ನ ಎರಡನೆಯ ಪ್ರಶ್ನೆ.

ಹಿಂದಿನ ಅಭಿಮಾನಿ ಸಂಘಗಳು ಚಿನ್ನದಂತಿದ್ದವು ಎಂದು ನಾನು ಹೇಳುವುದಿಲ್ಲ. ಪೋಸ್ಟರಿಗೆ ಸಗಣಿ ಎರಚಿದವರೂ ಇದ್ದರು. ಆದರೆ ಎರಡನೇ ಆಟ ಬಿಟ್ಟ ಮೇಲೆ ಎಲ್ಲರೂ ಮನೆಗೆ ಹೋಗಿ ಮಲಗುತ್ತಿದ್ದರು. ಈಗಿನ ಜಗಳಕ್ಕೆ ಕೊನೆಯ ಆಟವೆಂಬುದಿಲ್ಲ. ಬೈಗುಳಕ್ಕೆ ಉತ್ತರ ಹೆಚ್ಚು ಬರುತ್ತದೆ, ಉತ್ತರ ಹೆಚ್ಚಿದಷ್ಟೂ ಅದು ಇನ್ನಷ್ಟು ಜನರ ಪರದೆಗೆ ಹೋಗುತ್ತದೆ.

ತಂದೆತಾಯಂದಿರು ಮೊಬೈಲ್ ಕಿತ್ತುಕೊಳ್ಳುವುದೇ ಮದ್ದೆಂದು ತಿಳಿಯುತ್ತಾರೆ. ಆ ಹುಡುಗಿಯ ಮೊಬೈಲನ್ನು ಅಂದು ಕಿತ್ತುಕೊಂಡಿದ್ದರೆ ಏನಾಗುತ್ತಿತ್ತೆಂದು ಯೋಚಿಸಿ. ಅದರ ಬದಲು, ಮಗ ಮೆಚ್ಚಿನ ನಟನ ದೃಶ್ಯಗಳನ್ನು ಕತ್ತರಿಸಿ ಜೋಡಿಸಿದ ಎರಡು ನಿಮಿಷದ ವಿಡಿಯೊ ಇದ್ದರೆ ಒಮ್ಮೆ ಕುಳಿತು ನೋಡಿ, ಇದನ್ನು ಹೇಗೆ ಮಾಡಿದೆ ಎಂದು ಕೇಳಿ. ಮದ್ದೂರಿನ ಹುಡುಗನ ತಾಯಿ ಹಾಗೆ ಕೇಳಿದ ಸಂಜೆಯೇ ತಂಗಿಯ ಚಿತ್ರದ ವಿಷಯವೂ ಹೊರಬಂತು. ಅಪ್ಪ ಬೈಯಲಿಲ್ಲ. ಠಾಣೆಗೆ ಜೊತೆಯಲ್ಲೇ ಹೋದರು. ಹುಡುಗ ಈಗಲೂ ಅದೇ ನಟನ ಅಭಿಮಾನಿ. ರಾತ್ರಿ ಪಾಳಿ ಮಾತ್ರ ಬಿಟ್ಟಿದ್ದಾನೆ.

ನಿದ್ದೆ ಕೆಟ್ಟು, ಊಟ ಸೇರದೆ, ಬದುಕೇ ಬೇಡವೆಂಬ ಮಾತು ಬಂದರೆ ಕಾಯಬೇಡಿ. ಟೆಲಿ ಮಾನಸ್ ಸಹಾಯವಾಣಿಯ ಸಂಖ್ಯೆ 14416. 2022ರ ಅಕ್ಟೋಬರ್‌ನಿಂದ ನಡೆಯುತ್ತಿರುವ ಸರ್ಕಾರದ ಈ ಸೇವೆ ಉಚಿತ, ದಿನದ 24 ಗಂಟೆಯೂ ಲಭ್ಯ, ಕನ್ನಡದಲ್ಲೇ ಮಾತನಾಡಬಹುದು. ಮಕ್ಕಳು ಒಪ್ಪದಿದ್ದರೆ ಅವರ ಪರವಾಗಿ ನೀವೇ ಕರೆ ಮಾಡಿ, ಹೇಗೆ ಮಾತನಾಡಿಸಬೇಕೆಂದು ಕೇಳಿ ತಿಳಿದುಕೊಳ್ಳಬಹುದು. ಮೈಸೂರಿನ ಕೆ.ಆರ್. ಆಸ್ಪತ್ರೆಯಲ್ಲೂ ಮಂಡ್ಯದ ಸರ್ಕಾರಿ ವೈದ್ಯಕೀಯ ಕಾಲೇಜಾದ ಮಿಮ್ಸ್‌ನಲ್ಲೂ ಮನೋವೈದ್ಯ ವಿಭಾಗಗಳಿವೆ.

ನಮಸ್ಕಾರ.