ಮೂಳೆಯೊಳಗಿನ ನರ್ಸರಿ

ಇಲ್ಲಿ ನೋಡಿ, ನೆರಳು ಪರದೆಯ ಕೆಳಗೆ ಟ್ರೇಗಳ ಸಾಲು. ಒಂದೊಂದು ಗುಳಿಯಲ್ಲೂ ತೆಂಗಿನ ನಾರಿನ ಪುಡಿ, ಅದರಲ್ಲಿ ಬೆರಳುದ್ದದ ಟೊಮೆಟೊ ಸಸಿ. ಕೋಲಾರದವರಿಗೆ ಇದೇನು ಹೊಸದಲ್ಲ. ಇಂಥದ್ದೇ ಒಂದು ನರ್ಸರಿ ನಮ್ಮ ಮೂಳೆಯ ಮಜ್ಜೆಯಲ್ಲೂ ಇದೆ. ರೋಗದ ಜೊತೆ ಹೋರಾಡುವ ಕೋಶಗಳು ಹುಟ್ಟೋದು ಅಲ್ಲೇ. ವಯಸ್ಸಾದಂತೆ ಈ ನರ್ಸರಿ ಸೊರಗುತ್ತದೆ.

ರೋಗಾಣುವಿಗೆ ಅಂಟಿ ಅದನ್ನು ತಡೆಯುವ ಪ್ರತಿಕಾಯ ತಯಾರಿಸುವ ಬಿ ಕೋಶಗಳನ್ನೇ ತಗೊಳ್ಳಿ. ಅವು ಎಳೆಯದಾಗಿದ್ದಾಗ ಸುಮ್ನೆ ಬೆಳೆಯಲ್ಲ. ಹಂತ ಹಂತಕ್ಕೂ ಪರೀಕ್ಷೆ, ಪಾಸಾಗದವು ಅಲ್ಲೇ ಸಾಯುತ್ತವೆ. ಇಲಿಗಳಲ್ಲಿ ಅವು ಬದುಕಿ ದುಪ್ಪಟ್ಟಾಗಲು ಸುತ್ತಲಿನ ಮಜ್ಜೆಯಿಂದ ಐಎಲ್-7 ಅನ್ನೋ ಸಂಕೇತ ಸಿಗಬೇಕು. ವಯಸ್ಸಾದ ಇಲಿಗಳಲ್ಲಿ ನೋಡಿದಾಗ, ಎಳೆ ಕೋಶಗಳು ಈ ಸಂಕೇತಕ್ಕೆ ಮೊದಲಿನಷ್ಟು ಓಗೊಡುವುದಿಲ್ಲ. ವಿಭಜನೆ ಕಡಿಮೆ, ಸಂಖ್ಯೆಯೂ ಕಡಿಮೆ. ಮಜ್ಜೆಯಲ್ಲಿ ಕೊಬ್ಬು ಜಾಸ್ತಿಯಾಗುತ್ತದೆ. ಅಂದರೆ ಸಸಿಯೂ ಸೊರಗಿದೆ, ಟ್ರೇಯೊಳಗಿನ ಹದವೂ ಕೆಟ್ಟಿದೆ. ನನಗೆ ಅಚ್ಚರಿಯಾದದ್ದು ಇದು: ಈ ಎಲ್ಲ ಕೋಶಗಳೂ ಹುಟ್ಟಿ ಬರುವ ಮೂಲ ಕೋಶಗಳ, ಅಂದರೆ ಕಾಂಡಕೋಶಗಳ ಸಂಖ್ಯೆ ಕಡಿಮೆಯಾಗಲ್ಲ, ಇನ್ನೂ ಹೆಚ್ಚುತ್ತದೆ! ಆದರೆ ಬಿ ಕೋಶ ಮತ್ತು ರೋಗದ ಜೊತೆ ಹೋರಾಡುವ ಇನ್ನೊಂದು ಬಗೆಯಾದ ಟಿ ಕೋಶಗಳ ಕಡೆಗಿಂತ ಬೇರೆ ಬಗೆಯ ಬಿಳಿ ರಕ್ತಕಣಗಳ ಕಡೆಗೇ ಅವುಗಳ ಒಲವು ವಾಲಿರುತ್ತದೆ.

ಟಿ ಕೋಶಗಳು ಎದೆಮೂಳೆಯ ಹಿಂದಿರುವ ಥೈಮಸ್ ಅನ್ನೋ ಗ್ರಂಥಿಯಲ್ಲಿ ಪಳಗುತ್ತವೆ. ಅದರ ಮಹತ್ವವನ್ನು 1961ರಲ್ಲಿ ವಿಜ್ಞಾನಿ ಜಾಕ್ ಮಿಲ್ಲರ್ ಇಲಿಮರಿಗಳಲ್ಲಿ ತೋರಿಸಿಕೊಟ್ಟರು. ಪ್ರಾಯಕ್ಕೆ ಬಂದ ಮೇಲೆ ಅದು ಕುಗ್ಗುತ್ತಾ ಹೋಗುತ್ತದೆ.

ನಮ್ಮಜ್ಜಿಗೆ ಲಸಿಕೆಯ ಇಂಜೆಕ್ಷನ್ ಹಾಕಿಸೋಣ ಬಾ ಅಂದರೆ, "ರಾಗಿ ಮುದ್ದೆ ತಿಂದ ಮೈ ಕಣಪ್ಪಾ ಇದು, ನಂಗೇನಾಗ್ತದೆ?" ಅಂತಾರೆ. ನಿಜ, ಈಗಲೂ ಮುದ್ದೆ ತೊಳಸುವಾಗ ಅವರ ರಟ್ಟೆ ನೋಡಬೇಕು. ಆದರೆ ರಟ್ಟೆಯ ಬಲ ಬೇರೆ, ಮಜ್ಜೆಯ ಹುಟ್ಟುವಳಿ ಬೇರೆ. ಹಿಂದೆ ಕಂಡ ರೋಗದ ನೆನಪು ಮೈಯಲ್ಲಿ ಬಹಳ ಕಾಲ ಉಳಿಯುತ್ತದೆ. ಮೈಗೆ ಪರಿಚಯವೇ ಇಲ್ಲದ ವೈರಸ್ ಬಂದರೆ ಹೊಸ ಕೋಶಗಳೇ ಬೇಕು. 2020ರಲ್ಲಿ ಕೋವಿಡ್ ಹಿರಿಯರನ್ನೇ ಹೆಚ್ಚು ಕಾಡಲು ಇದೂ ಒಂದು ಕಾರಣ.

ಲಸಿಕೆಗೂ ಹಿರಿಯರ ಮೈ ಸ್ವಲ್ಪ ಕಡಿಮೆ ಸ್ಪಂದಿಸುತ್ತದೆ. ಅದಕ್ಕೇ ಕೆಲವು ದೇಶಗಳಲ್ಲಿ 65 ದಾಟಿದವರಿಗೆ ನಾಲ್ಕು ಪಟ್ಟು ಸತ್ವವಿರುವ ಫ್ಲೂ ಲಸಿಕೆ ಇದೆ. ಕಡಿಮೆಯಾದರೂ ರಕ್ಷಣೆ ರಕ್ಷಣೆಯೇ ಅಲ್ವಾ? ನಿಮ್ಮ ಮನೆಯ ಹಿರಿಯರಿಗೆ ಯಾವುದು ಬೇಕು ಅಂತ ಡಾಕ್ಟರನ್ನೇ ಕೇಳಿ. ಇನ್ನೊಂದು ಮಾತು. ವಯಸ್ಸಾದವರಿಗೆ ಸೋಂಕು ಜೋರಾಗಿದ್ದರೂ ಮೈ ಸುಡದೇ ಇರಬಹುದು. ಊಟ ಬಿಟ್ಟರು, ಮಾತು ತಡವರಿಸಿತು ಅಂದರೆ, ಜ್ವರ ಇಲ್ಲವಲ್ಲ ಅಂತ ಕಾಯಬೇಡಿ, ಅವತ್ತೇ ಆಸ್ಪತ್ರೆಗೆ ಕರೆದುಕೊಂಡು ಹೋಗಿ.